ಕಡಿಮೆ ಆದಾಯದ ಮನೆಗಳಲ್ಲಿ ಆಪತ್ಕಾಲದ ಉಳಿತಾಯ ಬೆಳೆಸುವುದು ಹೇಗೆ?

ಉಳಿತಾಯದ ಮಾತು ಬಂದಾಗ "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಕಡಿಮೆ ಆದಾಯದವರ ಮುಂದೆ ಹೇಳುವಷ್ಟು ಸಲ ಬೇರೆ ಯಾರ ಮುಂದೆಯೂ ಹೇಳುವುದಿಲ್ಲ. ದಿನಗೂಲಿ, ತುಂಡು ಕೆಲಸ, ಸಣ್ಣ ವ್ಯಾಪಾರ ಅಥವಾ ಪಾಳಿಯ ಲೆಕ್ಕದ ಸಂಬಳವನ್ನು ನಂಬಿದ ಮನೆಯಲ್ಲಿ ಹಾಸಿಗೆಯ ಉದ್ದವೇ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರುತ್ತದೆ ಎಂಬುದು ಆ ಗಾದೆಯ ಲೆಕ್ಕಕ್ಕೆ ಬಂದಿಲ್ಲ. ಅಮೆರಿಕದಲ್ಲಿ 235 ಕುಟುಂಬಗಳ ಹಣದ ಹರಿವನ್ನು ಸುಮಾರು ಒಂದು ವರ್ಷ ಬಿಡದೆ ದಾಖಲಿಸಿದ ಅಧ್ಯಯನವೊಂದರಲ್ಲಿ, ವರ್ಷದ ಸರಿಸುಮಾರು ಐದು ತಿಂಗಳುಗಳಲ್ಲಿ ಆದಾಯವು ಆ ಮನೆಯ ಸರಾಸರಿಗಿಂತ ಕಾಲು ಭಾಗಕ್ಕೂ ಹೆಚ್ಚು ಏರಿತ್ತು ಅಥವಾ ಇಳಿದಿತ್ತು. ಇಂಥ ಮನೆಗೆ "ತಿಂಗಳಿಗೆ ಇಷ್ಟು ಉಳಿಸಿ" ಎಂದು ಹೇಳುವುದು ಸುಲಭ. ಆ "ಇಷ್ಟು" ಎಷ್ಟೆಂದು ಹೇಳುವುದು ಮಾತ್ರ ಕಷ್ಟ.

ಈ ಬರಹವು ಇಂಥ ಕುಟುಂಬಗಳ ಜೊತೆ ನೇರವಾಗಿ ವ್ಯವಹರಿಸುವವರಿಗಾಗಿ ಇದೆ. ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು, ಸಹಕಾರ ಸಂಘ ಮತ್ತು ಬ್ಯಾಂಕುಗಳ ಸಿಬ್ಬಂದಿ, ಕೆಲಸಗಾರರಿಗೆ ಸಂಬಳ ಬಟವಾಡೆ ಮಾಡುವ ಮಾಲೀಕರು, ಸ್ಥಳೀಯ ಆಡಳಿತದ ಅಧಿಕಾರಿಗಳು ಇದರ ಓದುಗರು. ಇದರಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ವಿಷಯ ಒಂದೇ. ಆಪತ್ಕಾಲದ ಉಳಿತಾಯವೆಂದರೆ ತೆಗೆಯುವುದಕ್ಕೆಂದೇ ಇಡುವ ಹಣ. ಆದರೆ ನಾವು ರೂಪಿಸುವ ಹೆಚ್ಚಿನ ಯೋಜನೆಗಳು, ಹಣ ತೆಗೆಯುವುದು ತಪ್ಪು ಎಂಬ ಭಾವನೆಯ ಮೇಲೆ ನಿಂತಿರುತ್ತವೆ. ನಿವೃತ್ತಿಯ ಹಣಕ್ಕೋ ಮನೆ ಕಟ್ಟುವ ಹಣಕ್ಕೋ ಹೊಂದುವ ಈ ನಿಯಮವನ್ನು ಜ್ವರಕ್ಕೆ, ಕೆಟ್ಟು ನಿಂತ ವಾಹನಕ್ಕೆ, ಕೆಲಸ ಸಿಗದ ವಾರಕ್ಕೆ ಇಟ್ಟ ಹಣದ ಮೇಲೂ ಹೇರಿದಾಗ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಮನೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮೊದಲು ಮನೆಯ ವರ್ಷವನ್ನು ಓದಿ

ಖಾತೆ ತೆರೆಸುವ ಅರ್ಜಿಯನ್ನು ಚೀಲದಲ್ಲಿಯೇ ಇಟ್ಟುಕೊಂಡು, ಒಂದು ದೊಡ್ಡ ಹಾಳೆಯನ್ನು ಮಾತ್ರ ಹೊರತೆಗೆಯಿರಿ. ಅದರಲ್ಲಿ ಹನ್ನೆರಡು ಚೌಕಗಳನ್ನು ಎಳೆದು, ಒಂದೊಂದು ಚೌಕಕ್ಕೆ ಒಂದೊಂದು ತಿಂಗಳ ಹೆಸರು ಬರೆಯಿರಿ. ಮನೆಯವರನ್ನು ಆದಾಯ ಎಷ್ಟೆಂದು ಕೇಳಬೇಡಿ, ಅದಕ್ಕೆ ಹೆಚ್ಚಿನವರು ಒಂದು ಅಂದಾಜು ಸಂಖ್ಯೆ ಹೇಳಿ ಸುಮ್ಮನಾಗುತ್ತಾರೆ. "ಯಾವ ತಿಂಗಳಲ್ಲಿ ಕೈ ಸ್ವಲ್ಪ ಸಡಿಲವಾಗಿರುತ್ತದೆ? ಯಾವ ತಿಂಗಳಲ್ಲಿ ಕೈಸಾಲ ಮಾಡಬೇಕಾಗುತ್ತದೆ?" ಎಂದು ಕೇಳಿದರೆ ನೆನಪುಗಳು ತಾವಾಗಿಯೇ ಬರತೊಡಗುತ್ತವೆ. ಹಣ ಬರುವ ತಿಂಗಳಿಗೆ ಒಂದು ಗುರುತು, ಬಿಗಿಯಾದ ತಿಂಗಳಿಗೆ ಮತ್ತೊಂದು ಗುರುತು ಹಾಕುತ್ತಾ ಹೋಗಿ. ಆಮೇಲೆ ಕಳೆದ ವರ್ಷ ಅನಿರೀಕ್ಷಿತವಾಗಿ ಬಂದ ಖರ್ಚುಗಳನ್ನು ಅದೇ ಹಾಳೆಯಲ್ಲಿ ಬರೆಯಿಸಿ: ಏನಾಯಿತು, ಎಷ್ಟು ಬೇಕಾಯಿತು, ಆ ಹಣ ಎಲ್ಲಿಂದ ಬಂತು, ಅದನ್ನು ತೀರಿಸಲು ಎಷ್ಟು ದಿನ ಹಿಡಿಯಿತು.

ಈ ಕೊನೆಯ ಎರಡು ಪ್ರಶ್ನೆಗಳೇ ಮುಖ್ಯ. ಆಸ್ಪತ್ರೆಯ ಖರ್ಚು ಅರ್ಧ ತಿಂಗಳ ಕೂಲಿಯಷ್ಟಿದ್ದು, ಅದಕ್ಕೆಂದು ಮಾಡಿದ ಸಾಲ ತೀರುವಷ್ಟರಲ್ಲಿ ಎರಡು ತಿಂಗಳ ಕೂಲಿ ಹೋಗಿತ್ತು ಎಂಬುದು ಆ ಹಾಳೆಯ ಮೇಲೆ ಕಂಡಾಗ, ಉಳಿತಾಯದ ಲಾಭವನ್ನು ನೀವು ಭಾಷಣ ಮಾಡಿ ಹೇಳಬೇಕಾಗಿಯೇ ಇಲ್ಲ. ಅನಿರೀಕ್ಷಿತ ಎಂದು ಹೇಳಿದ ಖರ್ಚುಗಳಲ್ಲಿ ಕೆಲವು ಪ್ರತಿ ವರ್ಷ ಅದೇ ತಿಂಗಳಲ್ಲಿ ಬರುವಂಥವು ಎಂಬುದೂ ಅಲ್ಲಿಯೇ ಗೊತ್ತಾಗುತ್ತದೆ. ಶಾಲೆಯ ಶುಲ್ಕ ಆಪತ್ತಲ್ಲ. ಅದಕ್ಕೆ ಬೇರೆ ಗಂಟು ಬೇಕು. ಎರಡನ್ನೂ ಒಂದೇ ಖಾತೆಯಲ್ಲಿ ಇಟ್ಟರೆ ಶಾಲೆ ಶುರುವಾಗುವ ತಿಂಗಳಲ್ಲಿ ಖಾತೆ ಬರಿದಾಗಿ, ಅದರ ಮುಂದಿನ ತಿಂಗಳು ಬಂದ ಜ್ವರಕ್ಕೆ ಮತ್ತೆ ಕೈಸಾಲವೇ ಗತಿಯಾಗುತ್ತದೆ.

ಈ ಮಾತುಕತೆಯನ್ನು ಯಾವಾಗ ನಡೆಸುತ್ತೀರಿ ಎಂಬುದೂ ಗಮನಿಸಬೇಕಾದ ವಿಷಯ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕುರಿತು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಅದೇ ರೈತರು ಕಟಾವಿಗೆ ಮುಂಚೆ, ಅಂದರೆ ಕೈ ಬರಿದಾಗಿದ್ದಾಗ, ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಪಡೆದ ಅಂಕಗಳು ಕಟಾವಿನ ನಂತರ ಪಡೆದ ಅಂಕಗಳಿಗಿಂತ ಕಡಿಮೆಯಿದ್ದವು. ಹಣದ ಚಿಂತೆ ತಲೆಯ ಜಾಗವನ್ನೆಲ್ಲ ಆಕ್ರಮಿಸಿಕೊಂಡಿರುವಾಗ ಮುಂದಿನ ವರ್ಷದ ಯೋಜನೆಯನ್ನು ಮುಂದಿಟ್ಟರೆ ಯಾರೂ ಅದನ್ನು ಸರಿಯಾಗಿ ಕೇಳಿಸಿಕೊಳ್ಳಲಾರರು. ಹಣ ಕೈಗೆ ಬಂದ ವಾರದಲ್ಲಿ ಮಾತನಾಡಿ, ತೀರ್ಮಾನವನ್ನೂ ಆ ವಾರದಲ್ಲಿಯೇ ಆಗಿಸಿ.

ಗುರಿ ಎಷ್ಟಿರಬೇಕು

ಮೂರರಿಂದ ಆರು ತಿಂಗಳ ಖರ್ಚಿನಷ್ಟು ಹಣ ತೆಗೆದಿರಿಸಬೇಕು ಎಂಬುದು ಹಣಕಾಸು ಸಲಹೆಗಾರರ ಸಿದ್ಧ ಉತ್ತರ. ನಿಗದಿತ ಸಂಬಳದವರಿಗೆ ಅದು ಸರಿಯಿರಬಹುದು. ವಾರದ ಕೊನೆಗೆ ಏನೂ ಮಿಗದ ಮನೆಗೆ ಆ ಸಂಖ್ಯೆ ಕೇಳಿದೊಡನೆ "ಇದು ನಮಗಲ್ಲ" ಎನಿಸುತ್ತದೆ, ಹಾಗೆನಿಸುವುದರಲ್ಲಿ ತಪ್ಪೂ ಇಲ್ಲ. ಸಣ್ಣ ಮೊತ್ತಕ್ಕೂ ಬಲವಿದೆ ಎಂಬುದಕ್ಕೆ ಆಧಾರಗಳಿವೆ. ಅಮೆರಿಕದ ಅರ್ಬನ್ ಇನ್‌ಸ್ಟಿಟ್ಯೂಟ್ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೇವಲ 250ರಿಂದ 749 ಡಾಲರ್ ಉಳಿತಾಯವಿದ್ದ ಕುಟುಂಬಗಳು ಕೂಡ, ಆದಾಯಕ್ಕೆ ಪೆಟ್ಟು ಬಿದ್ದಾಗ, ಏನೂ ಉಳಿತಾಯವಿಲ್ಲದ ಕುಟುಂಬಗಳಷ್ಟು ಸುಲಭವಾಗಿ ಬಾಡಿಗೆ ಮನೆ ಕಳೆದುಕೊಳ್ಳಲಿಲ್ಲ ಮತ್ತು ಬಾಡಿಗೆ, ವಿದ್ಯುತ್ ಬಿಲ್ಲುಗಳನ್ನು ಬಾಕಿ ಉಳಿಸಿಕೊಳ್ಳಲಿಲ್ಲ. ಆ ದೇಶದ ಕೇಂದ್ರ ಬ್ಯಾಂಕು 2013ರಿಂದ ಪ್ರತಿ ವರ್ಷ ನಡೆಸುವ ಸಮೀಕ್ಷೆಯಲ್ಲಿ ಕೇಳುವ ಪ್ರಶ್ನೆಯೂ ದೊಡ್ಡ ಮೊತ್ತದ್ದಲ್ಲ. 400 ಡಾಲರಿನ ದಿಢೀರ್ ಖರ್ಚು ಬಂದರೆ ಹೇಗೆ ನಿಭಾಯಿಸುವಿರಿ ಎಂದು ಅದು ಕೇಳುತ್ತದೆ. ಅದನ್ನು ಕೈಯಲ್ಲಿರುವ ಹಣದಿಂದಲೇ ಅಥವಾ ಅದಕ್ಕೆ ಸಮನಾದ ದಾರಿಯಿಂದ ನಿಭಾಯಿಸುವೆವು ಎಂದವರು 2023ರಲ್ಲಿ ಶೇಕಡಾ 63ರಷ್ಟಿದ್ದರು. ಅಷ್ಟು ಶ್ರೀಮಂತ ದೇಶದಲ್ಲಿ ಉಳಿದ ಶೇಕಡಾ 37ರಷ್ಟು ಮಂದಿ ಹಾಗೆ ಹೇಳಲಿಲ್ಲ ಎಂಬುದನ್ನು, ಉಳಿತಾಯ ಮಾಡದಿರುವುದು ಬರೀ ಅಶಿಸ್ತು ಎನ್ನುವವರಿಗೆ ನೆನಪಿಸಬಹುದು.

ಆದ್ದರಿಂದ ಮೊದಲ ಗುರಿಯನ್ನು ಆ ಹಾಳೆಯಿಂದಲೇ ಆರಿಸಿ. ಕಳೆದ ವರ್ಷ ಬಂದ ತುರ್ತು ಖರ್ಚುಗಳಲ್ಲಿ ಅತಿ ಚಿಕ್ಕದು ಯಾವುದೋ ಅದೇ ಮೊದಲ ಗುರಿ. ಅದು ನಾಲ್ಕು ದಿನದ ಕೂಲಿಯಷ್ಟಿದ್ದರೆ ನಾಲ್ಕು ದಿನದ ಕೂಲಿಯೇ ಸಾಕು. ಮೊತ್ತವನ್ನು ಹಣದ ಲೆಕ್ಕದಲ್ಲಿ ಹೇಳುವುದಕ್ಕಿಂತ ಕೂಲಿಯ ದಿನಗಳ ಲೆಕ್ಕದಲ್ಲಿ ಹೇಳುವುದು ಒಳ್ಳೆಯದು, ಏಕೆಂದರೆ ಆ ಅಳತೆ ಮನೆಯವರಿಗೆ ಮೈಗತವಾಗಿರುತ್ತದೆ. ಆ ಗುರಿ ಮುಟ್ಟಿದ ಮೇಲೆ ಎರಡನೆಯದನ್ನು ಗೊತ್ತುಮಾಡಿ. ಮುಟ್ಟುವ ಮೊದಲು ಅದರ ಮಾತೇ ಬೇಡ.

ಸಾಲವಿರುವ ಮನೆ ಉಳಿತಾಯ ಮಾಡಬೇಕೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಲೆಕ್ಕಾಚಾರ ಒಂದನ್ನೇ ನೋಡಿದರೆ ಹೆಚ್ಚು ಬಡ್ಡಿಯ ಸಾಲ ತೀರಿಸುವುದೇ ಸರಿ, ಏಕೆಂದರೆ ಯಾವ ಖಾತೆಯೂ ಆ ದರದ ಬಡ್ಡಿ ಕೊಡುವುದಿಲ್ಲ. ಆದರೆ ಕೈಯಲ್ಲಿದ್ದದ್ದನ್ನೆಲ್ಲ ಸಾಲಕ್ಕೆ ಕಟ್ಟಿದ ಮನೆ, ಮುಂದಿನ ಸಣ್ಣ ಆಪತ್ತಿಗೆ ಮತ್ತೆ ಅದೇ ಸಾಲ ಕೊಟ್ಟವನ ಬಾಗಿಲಿಗೆ ಹೋಗಬೇಕಾಗುತ್ತದೆ, ಅದೂ ಬಹುಪಾಲು ಇನ್ನೂ ಕೆಟ್ಟ ಷರತ್ತುಗಳ ಮೇಲೆ. ನನ್ನ ಸಲಹೆ ಇಷ್ಟು: ಮೊದಲ ಚಿಕ್ಕ ಗುರಿ ಮುಟ್ಟುವವರೆಗೆ ಸಾಲದ ಕಂತಿನ ಜೊತೆಗೇ ಉಳಿತಾಯ ನಡೆಯಲಿ, ಅದು ಮುಟ್ಟಿದ ಮೇಲೆ ಹೆಚ್ಚಿನ ಹಣವೆಲ್ಲ ಸಾಲಕ್ಕೆ ಹೋಗಲಿ, ಸಾಲ ತೀರಿದ ಮೇಲೆ ಆ ಕಂತಿನ ಮೊತ್ತವೇ ತಿಂಗಳು ತಪ್ಪದೆ ಉಳಿತಾಯದ ಖಾತೆಗೆ ತಿರುಗಲಿ. ಆ ಮೊತ್ತ ಕೊಟ್ಟು ಬದುಕುವ ಅಭ್ಯಾಸ ಮನೆಗೆ ಆಗಲೇ ಆಗಿರುತ್ತದೆ.

ಹಣ ಎಲ್ಲಿರಬೇಕು

ಬೀಗ ಎಷ್ಟು ಬಿಗಿಯಾಗಿರಬೇಕು ಎಂಬ ವಿಷಯದಲ್ಲಿ ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಫಿಲಿಪೀನ್ಸ್‌ನ ಒಂದು ಬ್ಯಾಂಕಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗ್ರಾಹಕರೇ ಆರಿಸಿಕೊಂಡ ದಿನಾಂಕ ಅಥವಾ ಮೊತ್ತ ಬರುವವರೆಗೆ ಹಣ ತೆಗೆಯಲಾಗದ ಖಾತೆಯನ್ನು ಕೊಡಲಾಯಿತು. ಅದನ್ನು ಒಪ್ಪಿದವರು ಶೇಕಡಾ 28ರಷ್ಟು ಮಾತ್ರ. ಆದರೂ ಒಂದು ವರ್ಷದ ಬಳಿಕ, ಆ ಖಾತೆಯ ಅವಕಾಶ ದೊರೆತ ಇಡೀ ಗುಂಪಿನ ಸರಾಸರಿ ಉಳಿತಾಯದ ಬೆಳವಣಿಗೆ ಉಳಿದವರಿಗಿಂತ 81 ಶೇಕಡಾಂಶದಷ್ಟು ಹೆಚ್ಚಿತ್ತು. ಇದನ್ನು ಓದಿದವರು ಎಲ್ಲ ಖಾತೆಗಳಿಗೂ ಬೀಗ ಹಾಕಬೇಕೆಂದು ಹೊರಟರೆ ಆಶ್ಚರ್ಯವಿಲ್ಲ.

ಪಶ್ಚಿಮ ಕೀನ್ಯಾದಲ್ಲಿ ಆರೋಗ್ಯದ ಖರ್ಚಿಗೆಂದು ಹಣ ಕೂಡಿಡುವವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗ ಇದರ ಇನ್ನೊಂದು ಮಗ್ಗುಲನ್ನು ತೋರಿಸಿತು. ಕೆಲವರಿಗೆ ಬೀಗವಿರುವ ಲೋಹದ ಪೆಟ್ಟಿಗೆಯನ್ನೂ ಅದರ ಬೀಗದ ಕೈಯನ್ನೂ ಕೊಟ್ಟರು. ಇನ್ನು ಕೆಲವರಿಗೆ ಅದೇ ಪೆಟ್ಟಿಗೆಯನ್ನು ಕೊಟ್ಟು, ಬೀಗದ ಕೈಯನ್ನು ಮಾತ್ರ ಯೋಜನೆಯ ಅಧಿಕಾರಿಯ ಬಳಿ ಇಟ್ಟರು. ಬೀಗದ ಕೈ ತಮ್ಮ ಹತ್ತಿರವೇ ಇದ್ದವರು ರೋಗ ತಡೆಯುವ ಸಾಮಗ್ರಿಗಳ ಮೇಲೆ ಮಾಡಿದ ವೆಚ್ಚ ಮೂರನೆಯ ಎರಡು ಭಾಗದಷ್ಟು ಏರಿತು. ಬೀಗದ ಕೈ ಬೇರೆಯವರಲ್ಲಿದ್ದ ಪೆಟ್ಟಿಗೆಯಿಂದ ಅಂಥ ಪ್ರಯೋಜನ ಕಾಣಲಿಲ್ಲ, ಏಕೆಂದರೆ ಬೇಕಾದಾಗ ಸಿಗದ ಹಣವನ್ನು ಒಳಗೆ ಹಾಕಲು ಜನ ಹಿಂಜರಿದರು. ಅದೇ ಪ್ರಯೋಗದಲ್ಲಿ ಮತ್ತೆ ಕೆಲವರಿಗೆ ಕೊಟ್ಟ, ಒಂದು ಉದ್ದೇಶಕ್ಕೆಂದು ಹೆಸರಿಟ್ಟು ಮೀಸಲಿಟ್ಟ ಖಾತೆಯು ತುರ್ತಿಗೆಂದು ಇಡುವವರಿಗೆ ಮತ್ತು ನೆಂಟರಿಷ್ಟರು ಪದೇ ಪದೇ ಹಣ ಕೇಳುವ ಮನೆಯವರಿಗೆ ಮಾತ್ರ ವಿಶೇಷವಾಗಿ ನೆರವಾಯಿತು. "ಇದು ಔಷಧಿಯ ದುಡ್ಡು" ಎಂದು ಹೇಳಿ ಮರ್ಯಾದೆಯಿಂದ ಇಲ್ಲ ಎನ್ನಲು ಅದು ಅವರಿಗೆ ಒಂದು ಆಸರೆಯಾಯಿತು.

ಈ ಎರಡನ್ನೂ ಕೂಡಿಸಿ ನೋಡಿದರೆ ದಾರಿ ಸ್ಪಷ್ಟವಾಗುತ್ತದೆ. ಗೊತ್ತಿರುವ ದೊಡ್ಡ ಖರ್ಚಿನ ಖಾತೆಗೆ ಬೀಗವಿರಲಿ, ಅದನ್ನು ಬೇಕೆಂದವರಿಗೆ ಮಾತ್ರ ಕೊಡಿ. ಆಪತ್ಕಾಲದ ಖಾತೆಗೆ ಬೀಗ ಬೇಡ, ಹೆಸರು ಬೇಕು. ಅದು ದಿನನಿತ್ಯದ ಖರ್ಚಿನ ಖಾತೆಯಿಂದ ಬೇರೆಯಾಗಿರಬೇಕು. ಒಂದೇ ದಿನದಲ್ಲಿ ತೆಗೆಯಲು ಬರಬೇಕು. ಆದರೆ ಅಂಗಡಿಯಲ್ಲಿ ಫೋನ್ ತೋರಿಸಿದೊಡನೆ ಖಾಲಿಯಾಗುವಂತಿರಬಾರದು. ಕನಿಷ್ಠ ಶಿಲ್ಕು ಇಲ್ಲದಿದ್ದರೆ ದಂಡ ಹಾಕುವ ಖಾತೆಯನ್ನು ಮಾತ್ರ ಯಾವ ಕಾರಣಕ್ಕೂ ಆರಿಸಬೇಡಿ. ತುರ್ತಿಗೆ ಹಣ ತೆಗೆದ ತಿಂಗಳಲ್ಲಿಯೇ ಬ್ಯಾಂಕಿನಿಂದ ದಂಡದ ಸಂದೇಶ ಬಂದರೆ, ಆ ಮನೆಯವರು ಮತ್ತೆ ಬ್ಯಾಂಕಿನ ಕಡೆ ತಲೆ ಹಾಕುವುದಿಲ್ಲ.

ಹಣ ಒಳಗೆ ಬರುವ ದಾರಿ

ಪ್ರತಿ ಸಲವೂ ಯೋಚಿಸಿ ನಿರ್ಧರಿಸಬೇಕಾದ ಉಳಿತಾಯ ಬಹಳ ದಿನ ನಡೆಯುವುದಿಲ್ಲ. ಅಮೆರಿಕದ ಒಂದು ಕಂಪನಿಯ ನಿವೃತ್ತಿ ಯೋಜನೆಯ ಬಗ್ಗೆ 2001ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಅರ್ಜಿ ಹಾಕಿದವರನ್ನು ಸೇರಿಸುವ ಪದ್ಧತಿಯ ಬದಲು ಬೇಡವೆಂದು ಬರೆದುಕೊಟ್ಟವರನ್ನು ಬಿಟ್ಟು ಉಳಿದವರನ್ನೆಲ್ಲ ಸೇರಿಸಿದಾಗ, ಸೇರುವವರ ಪ್ರಮಾಣ ಶೇಕಡಾ 49ರಿಂದ 86ಕ್ಕೆ ಏರಿತು. ಸಂಬಳ ಬಟವಾಡೆ ಮಾಡುವ ಮಾಲೀಕರು ಈ ತತ್ವವನ್ನು ಆಪತ್ಕಾಲದ ಉಳಿತಾಯಕ್ಕೂ ಬಳಸಬಹುದು, ಆದರೆ ಒಂದು ಎಚ್ಚರಿಕೆಯೊಂದಿಗೆ: ನಿಮ್ಮ ದೇಶದ ಕಾನೂನು ಸಂಬಳದಿಂದ ಇಂಥ ಕಡಿತಕ್ಕೆ ಒಪ್ಪಿಗೆಯ ಸಹಿ ಕೇಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ, ಕೇಳದಿದ್ದರೂ ಕೇಳಿಯೇ ಕಡಿತ ಮಾಡಿ. ಸಂಬಳವೇ ಏರಿಳಿಯುವ ಕಡೆ ನಿಗದಿತ ಮೊತ್ತದ ಕಡಿತ ಅಪಾಯಕಾರಿ. ಪಾಳಿಗಳು ಕಡಿಮೆ ಸಿಕ್ಕ ವಾರದಲ್ಲಿಯೂ ಅಷ್ಟೇ ಹಣ ಮುರಿದುಕೊಂಡರೆ ಅದೇ ಒಂದು ಹೊಸ ಆಪತ್ತು. ಅಂಥ ಕಡೆ, ಇಷ್ಟು ಪಾಳಿಗಳಿಗಿಂತ ಹೆಚ್ಚು ದುಡಿದ ವಾರದಲ್ಲಿ ಮಾತ್ರ ಕಡಿತ ಎಂಬ ನಿಯಮ ಮಾಡಿ.

ಸಂಬಳದ ಚೀಟಿಯೇ ಇಲ್ಲದವರಿಗೆ ಹಣ ತೆಗೆದುಕೊಂಡು ಹೋಗಲು ಮನುಷ್ಯರೇ ಬಾಗಿಲಿಗೆ ಬರಬೇಕಾಗುತ್ತದೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಆರಂಭಿಸಿದ, ಬಾಗಿಲಿಗೇ ಬಂದು ದಿನವೂ ಸಣ್ಣ ಮೊತ್ತ ಪಡೆಯುವ ಪಿಗ್ಮಿ ಠೇವಣಿಯ ಹಿಂದಿದ್ದ ವಿವೇಕ ಇದೇ. ದಿನದ ದುಡಿಮೆ ದಿನವೇ ಖರ್ಚಾಗುವ ಮನೆಯಿಂದ ಹಣ ಬ್ಯಾಂಕಿನವರೆಗೆ ನಡೆದು ಬರುವುದಿಲ್ಲ, ಬ್ಯಾಂಕೇ ಅಲ್ಲಿಗೆ ಹೋಗಬೇಕು. ಇಂದು ಫೋನಿನ ಮೂಲಕ ಹಣ ಕಳಿಸುವುದು ಸುಲಭವಾಗಿದ್ದರೂ, ದಿನವೂ ಅದೇ ಹೊತ್ತಿಗೆ ಬಂದು ನಿಲ್ಲುವ ವ್ಯಕ್ತಿಯ ಕೆಲಸವನ್ನು ಫೋನು ಪೂರ್ತಿಯಾಗಿ ಮಾಡಲಾರದು. ಸಂಗ್ರಹಕಾರರನ್ನು ನೇಮಿಸುವುದಾದರೆ ಪ್ರತಿ ಜಮೆಗೂ ಆ ಕ್ಷಣದಲ್ಲಿಯೇ ರಸೀದಿಯೋ ಸಂದೇಶವೋ ಸಿಗುವಂತೆ ಮಾಡಿ, ತಿಂಗಳಿಗೊಮ್ಮೆ ಬೇರೊಬ್ಬರಿಂದ ಪಾಸ್‌ಪುಸ್ತಕ ತಾಳೆ ನೋಡಿಸಿ. ಒಂದೇ ಒಂದು ಮನೆಯ ಹಣ ಕಾಣೆಯಾದರೂ ಆ ಸುತ್ತಿನ ಎಲ್ಲ ಮನೆಗಳ ನಂಬಿಕೆ ಹೋಗುತ್ತದೆ.

ನೆನಪಿಸುವ ಸಂದೇಶಗಳು ಅಗ್ಗವಾಗಿರುವುದರಿಂದ ಎಲ್ಲರೂ ಕಳಿಸುತ್ತಾರೆ. ಬೊಲಿವಿಯಾ, ಪೆರು ಮತ್ತು ಫಿಲಿಪೀನ್ಸ್‌ನಲ್ಲಿ ನಡೆದ ಪ್ರಯೋಗಗಳು ಅವುಗಳಿಂದ ಉಳಿತಾಯ ಸ್ವಲ್ಪಮಟ್ಟಿಗೆ ಹೆಚ್ಚುತ್ತದೆಂದೂ, ಗುರಿಯನ್ನೂ ಸಿಗಲಿರುವ ಲಾಭವನ್ನೂ ಒಟ್ಟಿಗೆ ಹೆಸರಿಸಿ ಹೇಳುವ ಸಂದೇಶ ಹೆಚ್ಚು ಫಲ ಕೊಡುತ್ತದೆಂದೂ ತೋರಿಸಿವೆ. "ಉಳಿತಾಯ ಮಾಡಿ, ಸುಖವಾಗಿರಿ" ಎಂಬ ಸಂದೇಶವನ್ನು ಯಾರೂ ಓದುವುದಿಲ್ಲ. "ನಿಮ್ಮ ಔಷಧಿಯ ಗಂಟಿಗೆ ಇನ್ನು ಎರಡು ದಿನದ ಕೂಲಿಯಷ್ಟು ಸೇರಿದರೆ ಮೊದಲ ಗುರಿ ಮುಟ್ಟುತ್ತದೆ" ಎಂಬುದನ್ನು ಓದುತ್ತಾರೆ.

ವರ್ಷಕ್ಕೊಮ್ಮೆ ದೊಡ್ಡ ಮೊತ್ತ ಕೈಸೇರುವ ದಿನಗಳಿಗೆ, ಅಂದರೆ ಬೋನಸ್ಸು, ಬೆಳೆಯ ಹಣ, ತೆರಿಗೆ ಮರುಪಾವತಿ ಮುಂತಾದವು ಬರುವ ದಿನಗಳಿಗೆ, ವಿಶೇಷ ಗಮನ ಕೊಡಿ. ಉಳಿದ ಮಾತುಕತೆ ಹಣ ಕೈಗೆ ಬಂದ ವಾರದಲ್ಲಿ ನಡೆಯಬೇಕಾದರೂ, ಈ ದೊಡ್ಡ ಮೊತ್ತದ ಬಗ್ಗೆ ಮಾತ್ರ ಹಣ ಬಂದ ಮೇಲೆ ಕೇಳಿದರೆ ಅದಕ್ಕೆ ಆಗಲೇ ಹತ್ತು ಒಡೆಯರಿರುತ್ತಾರೆ. ಬರುವ ಎರಡು ತಿಂಗಳ ಮೊದಲೇ "ಅದರಲ್ಲಿ ಎಷ್ಟು ಭಾಗ ಬೇರೆ ಖಾತೆಗೆ ಹೋಗಲಿ?" ಎಂದು ಕೇಳಿ, ಉತ್ತರವನ್ನು ಬರೆಸಿಟ್ಟುಕೊಳ್ಳಿ.

ಗುಂಪಿನ ಪೆಟ್ಟಿಗೆ

ಬ್ಯಾಂಕು ದೂರವಿರುವ ಅಥವಾ ಬ್ಯಾಂಕಿನ ಮೇಲೆ ಭರವಸೆಯಿಲ್ಲದ ಕಡೆ ಗುಂಪಿನ ಉಳಿತಾಯ ಚೆನ್ನಾಗಿ ನಡೆಯುತ್ತದೆ. ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆಯು 1991ರಲ್ಲಿ ನೈಜರ್ ದೇಶದ ಗ್ರಾಮೀಣ ಮಹಿಳೆಯರೊಂದಿಗೆ ಆರಂಭಿಸಿ ಆಮೇಲೆ ಅನೇಕ ದೇಶಗಳಿಗೆ ಹಬ್ಬಿದ ಮಾದರಿಯಲ್ಲಿ ಹದಿನೈದರಿಂದ ಇಪ್ಪತ್ತೈದು ಮಂದಿ ಸೇರಿ ವಾರವಾರ ಹಣ ಹಾಕುತ್ತಾರೆ. ಪೆಟ್ಟಿಗೆಗೆ ಮೂರು ಬೀಗಗಳಿದ್ದು, ಮೂರು ಬೀಗದ ಕೈಗಳು ಮೂವರು ಬೇರೆ ಬೇರೆ ಸದಸ್ಯರಲ್ಲಿ, ಪೆಟ್ಟಿಗೆ ನಾಲ್ಕನೆಯವರಲ್ಲಿ ಇರುತ್ತದೆ. ಸಭೆ ಸೇರಿದಾಗ ಎಲ್ಲರ ಎದುರಿಗೆ ತೆರೆದು, ಎಣಿಸಿ, ಮೊತ್ತವನ್ನು ಗಟ್ಟಿಯಾಗಿ ಹೇಳಿ ಮುಚ್ಚುತ್ತಾರೆ. ಓದು ಬಾರದವರಿಗೂ ಆ ಮೊತ್ತ ನೆನಪಿರುತ್ತದೆ. ವರ್ಷದ ಸುಮಾರಿಗೆ ಎಲ್ಲವನ್ನೂ ಹಂಚಿಕೊಂಡು ಹೊಸದಾಗಿ ಶುರುಮಾಡುತ್ತಾರೆ.

ಈ ಮಾದರಿಯಲ್ಲಿ ನಮಗೆ ಬೇಕಾದ ಭಾಗವೆಂದರೆ ಉಳಿತಾಯದ ಹಣದಿಂದ ಬೇರೆಯಾಗಿ ಇಡುವ ಸಣ್ಣ ಸಾಮಾಜಿಕ ನಿಧಿ. ಪ್ರತಿ ಸಭೆಯಲ್ಲಿಯೂ ಎಲ್ಲರೂ ಸಮನಾದ ಅತಿ ಸಣ್ಣ ಮೊತ್ತವನ್ನು ಅದಕ್ಕೆ ಹಾಕುತ್ತಾರೆ. ಸಾವು, ಕಾಯಿಲೆ, ಬೆಂಕಿಯಂಥ ಸಂದರ್ಭಗಳಲ್ಲಿ ಅದರಿಂದ ಕೊಡುತ್ತಾರೆ. ಚೀಟಿಯಂತೆ ಸರದಿಗಾಗಿ ಕಾಯಬೇಕಾಗಿಲ್ಲ ಎಂಬುದೇ ಇದರ ಹೆಚ್ಚುಗಾರಿಕೆ, ಏಕೆಂದರೆ ಆಪತ್ತು ಸರದಿ ನೋಡಿ ಬರುವುದಿಲ್ಲ. ಇದರ ಮಿತಿಯನ್ನೂ ತಿಳಿದಿರಬೇಕು. ಗುಂಪಿನವರೆಲ್ಲರೂ ಒಂದೇ ಬೆಳೆಯನ್ನೋ ಒಂದೇ ಕಾರ್ಖಾನೆಯನ್ನೋ ನಂಬಿದ್ದರೆ ಬರಗಾಲ ಅಥವಾ ಬೀಗಮುದ್ರೆಯ ದಿನ ಎಲ್ಲರ ಕೈಯೂ ಒಟ್ಟಿಗೆ ಚಾಚುತ್ತದೆ. ಆದ್ದರಿಂದ ಗುಂಪಿನ ನಿಧಿಯ ಜೊತೆಗೆ ಸ್ವಂತದ ಒಂದು ಚಿಕ್ಕ ಗಂಟೂ ಇರಲಿ.

ತೆಗೆಯುವ ದಿನ

ಯೋಜನೆಯ ನಿಜವಾದ ಪರೀಕ್ಷೆ ಇಲ್ಲಿಯೇ ನಡೆಯುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಹಣ ತೆಗೆಯುವ ನಮೂನೆಯನ್ನು ಗಮನಿಸಿ. "ಹಿಂತೆಗೆತದ ಕಾರಣ" ಎಂಬ ಸಾಲು, ಅದರ ಕೆಳಗೆ "ದಾಖಲೆ ಲಗತ್ತಿಸಿ" ಎಂಬ ಸಾಲು, ಅದರ ಕೆಳಗೆ ಮೇಲಧಿಕಾರಿಯ ಸಹಿಗೆ ಜಾಗ. ಮಗುವನ್ನು ತೋಳಿನಲ್ಲಿ ಎತ್ತಿಕೊಂಡು ನಿಂತಿರುವ ತಾಯಿ ಆಸ್ಪತ್ರೆಗೆ ಹೋಗುವ ಮೊದಲು ಆಸ್ಪತ್ರೆಯ ರಸೀದಿ ತರುವುದಾದರೂ ಎಲ್ಲಿಂದ? ಆ ಮೂರು ಸಾಲುಗಳನ್ನು ತೆಗೆದುಹಾಕಿ. ಖಾತೆ ಸಂಖ್ಯೆ, ಮೊತ್ತ, ಸಹಿ ಅಥವಾ ಹೆಬ್ಬೆಟ್ಟು, ಇಷ್ಟಿದ್ದರೆ ಸಾಕು. ಇದರಿಂದ ದುರುಪಯೋಗವಾಗುತ್ತದೆ ಎಂದು ಹೇಳುವವರು ಅದು ಖಾತೆದಾರರ ಸ್ವಂತ ಹಣವೆಂಬುದನ್ನು ಮರೆತಿರುತ್ತಾರೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಕಾನೂನು, ನಿವೃತ್ತಿ ಯೋಜನೆಗೆ ಜೋಡಿಸಿದ ಆಪತ್ಕಾಲದ ಖಾತೆಗಳಿಗೆ ಅವಕಾಶ ಮಾಡಿಕೊಟ್ಟಾಗ ಇದನ್ನೇ ಒಪ್ಪಿಕೊಂಡಿತು. ಕೆಲಸಗಾರರ ವಂತಿಗೆಗೆ 2,500 ಡಾಲರ್ ಮಿತಿಯಿಟ್ಟು, ತುರ್ತೆಂದು ಸಾಬೀತು ಮಾಡಬೇಕಾದ ಅಗತ್ಯವನ್ನು ಕೈಬಿಟ್ಟು, ವರ್ಷದ ಮೊದಲ ನಾಲ್ಕು ಹಿಂತೆಗೆತಗಳಿಗೆ ಶುಲ್ಕ ಹಾಕುವಂತಿಲ್ಲವೆಂದು ಅದು ವಿಧಿಸಿತು.

ಕಾರಣ ಕೇಳದಿದ್ದರೂ ಯೋಚಿಸಲು ಒಂದು ಸಣ್ಣ ಮೆಟ್ಟಿಲು ಇರಬಹುದು. ಖಾತೆ ತೆರೆಯುವ ದಿನವೇ ಮನೆಯವರು ತಾವೇ ಕೂತು ಮೂರು ಪ್ರಶ್ನೆಗಳನ್ನು ಪಾಸ್‌ಪುಸ್ತಕದ ಒಳಹಾಳೆಯಲ್ಲಿ ಬರೆದುಕೊಳ್ಳಲಿ: ಇದು ಈಗಲೇ ಆಗಬೇಕೇ, ಇದನ್ನು ಬಿಟ್ಟರೆ ದುಡಿಮೆಗೋ ಆರೋಗ್ಯಕ್ಕೋ ವಸತಿಗೋ ತೊಂದರೆಯಾಗುತ್ತದೆಯೇ, ಬಡ್ಡಿಯಿಲ್ಲದ ಬೇರೆ ದಾರಿ ಇದೆಯೇ. ಉತ್ತರವನ್ನು ಅವರು ತಮಗೇ ಕೊಟ್ಟುಕೊಳ್ಳುತ್ತಾರೆ, ನಿಮಗಲ್ಲ.

ಹಣ ತೆಗೆದ ಮಾರನೆಯ ವಾರ ನೀವು ಆಡುವ ಮಾತು ಮುಂದಿನ ವರ್ಷವನ್ನು ನಿರ್ಧರಿಸುತ್ತದೆ. "ಅಯ್ಯೋ, ಇಷ್ಟು ಕಷ್ಟಪಟ್ಟು ಕೂಡಿಸಿದ್ದೆಲ್ಲ ಹೋಯಿತಲ್ಲ" ಎಂದರೆ ಆ ಮನೆಯವರು ನಿಮ್ಮನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಾರೆ. "ಈ ಸಲ ಬಡ್ಡಿಗೆ ಹೋಗಬೇಕಾಗಿ ಬರಲಿಲ್ಲವಲ್ಲ" ಎಂದು ಹೇಳಿ, ಮೊದಲು ಮಾಡಿದ ಹನ್ನೆರಡು ಚೌಕಗಳ ಹಾಳೆಯನ್ನು ಹೊರತೆಗೆದು, ಕಳೆದ ವರ್ಷ ಇದೇ ಬಗೆಯ ಖರ್ಚಿಗೆ ಎಷ್ಟು ಬಡ್ಡಿ ಕಟ್ಟಿದ್ದರೆಂಬುದನ್ನು ಪಕ್ಕದಲ್ಲಿ ಬರೆಯಿರಿ. ನಂತರ ಮರುಭರ್ತಿಯ ಮಾತು ತೆಗೆಯಿರಿ, ಆದರೆ ಮೊದಲ ಸಲದ ಅರ್ಧದಷ್ಟು ವೇಗದಲ್ಲಿ. ಆಪತ್ತಿನಿಂದ ಈಗಷ್ಟೇ ಎದ್ದ ಮನೆಗೆ ಉಸಿರಾಡಲು ಸಮಯ ಬೇಕು.

ಪ್ರೋತ್ಸಾಹಧನದ ಲೆಕ್ಕ

ಉಳಿಸಿದವರಿಗೆ ಮೇಲುಹಣ ಕೊಡುವ ಶಕ್ತಿ ನಿಮ್ಮ ಸಂಸ್ಥೆಗಿದ್ದರೆ, ಅದನ್ನು ಯಾವುದರ ಮೇಲೆ ಲೆಕ್ಕ ಹಾಕುತ್ತೀರಿ ಎಂಬುದು ಬಹಳ ಮುಖ್ಯ. ವರ್ಷದ ಕೊನೆಯ ದಿನ ಖಾತೆಯಲ್ಲಿರುವ ಹಣದ ಮೇಲೆ ಕೊಟ್ಟರೆ, ಆಪತ್ತು ಬಂದು ಹಣ ತೆಗೆದವರಿಗೇ ಶಿಕ್ಷೆಯಾಗುತ್ತದೆ. ಬ್ರಿಟನ್ ಸರ್ಕಾರವು ಕಡಿಮೆ ಆದಾಯದ ಕೆಲಸಗಾರರಿಗಾಗಿ 2018ರಲ್ಲಿ ಆರಂಭಿಸಿದ ಹೆಲ್ಪ್ ಟು ಸೇವ್ ಯೋಜನೆ ಇದನ್ನು ಜಾಣತನದಿಂದ ಬಿಡಿಸಿತು. ತಿಂಗಳಿಗೆ 1ರಿಂದ 50 ಪೌಂಡ್‌ವರೆಗೆ ಇಡಬಹುದು, ಯಾವಾಗ ಬೇಕಾದರೂ ತೆಗೆಯಬಹುದು. ಮೊದಲ ಎರಡು ವರ್ಷಗಳಲ್ಲಿ ಖಾತೆಯ ಶಿಲ್ಕು ಮುಟ್ಟಿದ ಅತ್ಯಂತ ಹೆಚ್ಚಿನ ಮೊತ್ತದ ಅರ್ಧದಷ್ಟನ್ನು ಎರಡನೆಯ ವರ್ಷದ ಕೊನೆಗೆ ಸರ್ಕಾರ ಕೊಡುತ್ತದೆ. ಮುಂದಿನ ಎರಡು ವರ್ಷಗಳಲ್ಲಿ ಆ ಮೊತ್ತವನ್ನು ದಾಟಿದರೆ, ದಾಟಿದಷ್ಟರ ಅರ್ಧವನ್ನು ಮತ್ತೆ ಕೊಡುತ್ತದೆ. ನಾಲ್ಕು ವರ್ಷಕ್ಕೆ ಗರಿಷ್ಠ 1,200 ಪೌಂಡ್ ಹೀಗೆ ಸಿಗಬಹುದು. ನಡುವೆ ಹಣ ತೆಗೆದರೂ ಅದುವರೆಗೆ ಮುಟ್ಟಿದ ಎತ್ತರದ ಗಳಿಕೆ ಹೋಗುವುದಿಲ್ಲ. ನೀವು ಕೊಡುವ ಮೊತ್ತ ಎಷ್ಟೇ ಚಿಕ್ಕದಿರಲಿ, ಗರಿಷ್ಠ ಶಿಲ್ಕಿನ ಮೇಲೆ ಕೊಡುವ ಈ ಲೆಕ್ಕವನ್ನು ಅನುಸರಿಸಬಹುದು.

ಬಹುಮಾನದ ಆಸೆ ತೋರಿಸುವ ಪದ್ಧತಿಯೂ ಇದೆ. 1956ರಲ್ಲಿ ಆರಂಭವಾದ ಬ್ರಿಟನ್ನಿನ ಪ್ರೀಮಿಯಂ ಬಾಂಡ್ ಎಂಬ ಸರ್ಕಾರಿ ಉಳಿತಾಯ ಪತ್ರಗಳು ಬಡ್ಡಿಯ ಬದಲು ಚೀಟಿ ಎತ್ತಿ ಬಹುಮಾನ ಕೊಡುತ್ತವೆ, ಅಸಲು ಮಾತ್ರ ಹಾಗೆಯೇ ಉಳಿಯುತ್ತದೆ. ಲಾಟರಿಯ ಅಭ್ಯಾಸವಿರುವ ಕಡೆ ಇದು ಜನರನ್ನು ಸೆಳೆಯಬಲ್ಲದು. ಆದರೆ ನಿಮ್ಮಲ್ಲಿ ಲಾಟರಿಯ ಕಾನೂನು ಏನೆನ್ನುತ್ತದೆ ಎಂದು ವಕೀಲರನ್ನು ಕೇಳದೆ ಕೈ ಹಾಕಬೇಡಿ.

ಉಳಿತಾಯವೇ ತೊಂದರೆ ತರುವ ಸಂದರ್ಭಗಳು

ಸರ್ಕಾರದ ನೆರವು ಪಡೆಯುವ ಮನೆಗಳಲ್ಲಿ ಉಳಿತಾಯ ಹೆಚ್ಚಾದರೆ ನೆರವು ನಿಲ್ಲುವ ಸಾಧ್ಯತೆಯಿರುತ್ತದೆ. ಅಮೆರಿಕದಲ್ಲಿ ವೃದ್ಧರು ಮತ್ತು ಅಂಗವಿಕಲರಿಗೆ ದೊರೆಯುವ ಒಂದು ಪೂರಕ ನೆರವಿಗೆ ಒಬ್ಬರಿಗೆ 2,000 ಡಾಲರ್, ದಂಪತಿಗೆ 3,000 ಡಾಲರ್ ಎಂಬ ಆಸ್ತಿ ಮಿತಿಯನ್ನು 1989ರಲ್ಲಿ ನಿಗದಿ ಮಾಡಿದ್ದು, ಬೆಲೆಗಳು ಇಷ್ಟು ಏರಿದರೂ ಹಾಗೆಯೇ ಉಳಿಯಿತು. ಅಂಥವರಿಗೆ ಉಳಿಸಲು ಹೇಳುವ ಮೊದಲು ಮಿತಿ ಎಷ್ಟು, ಯಾವ ಬಗೆಯ ಖಾತೆ ಅದರ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಸಂಬಂಧಪಟ್ಟ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ.

ಮನೆಯೊಳಗಿನ ಅಪಾಯವನ್ನೂ ಮರೆಯಬಾರದು. ಗಂಡನೋ ಅತ್ತೆಯೋ ಮಗನೋ ಕಿತ್ತುಕೊಳ್ಳಬಹುದೆಂಬ ಭಯವಿರುವ ಮಹಿಳೆಗೆ ಜಂಟಿ ಖಾತೆಯನ್ನೋ, ಮನೆಯ ಫೋನಿಗೆ ಶಿಲ್ಕಿನ ಸಂದೇಶ ಬರುವ ಖಾತೆಯನ್ನೋ ಕೊಡುವುದು ಕ್ರೂರವಾಗುತ್ತದೆ. ಸಂದೇಶ ಎಲ್ಲಿಗೆ ಬರಬೇಕು, ಬರಬೇಕೇ ಬೇಡವೇ, ಪಾಸ್‌ಪುಸ್ತಕ ಯಾರಲ್ಲಿರಬೇಕು ಎಂಬುದನ್ನು ಅವರನ್ನು ಒಬ್ಬರೇ ಇರುವಾಗ ಕೇಳಿ. ಹಾಗೆಯೇ, ಮಾಲೀಕರು ನಡೆಸುವ ಯೋಜನೆಯಲ್ಲಿ ಯಾವ ಕೆಲಸಗಾರನ ಖಾತೆಯಲ್ಲಿ ಎಷ್ಟಿದೆ ಎಂಬುದು ಮಾಲೀಕರಿಗೆ ಕಾಣದಂತೆ ಹಣವನ್ನು ಬ್ಯಾಂಕಿನಲ್ಲಿಯೇ ಇಡಬೇಕು. ಇಲ್ಲದಿದ್ದರೆ "ನಿನ್ನ ಹತ್ತಿರ ದುಡ್ಡಿದೆಯಲ್ಲ" ಎಂಬ ಮಾತು ಮುಂಗಡ ಕೇಳಿದ ದಿನವೋ ಸಂಬಳ ಹೆಚ್ಚಿಸಲು ಕೇಳಿದ ದಿನವೋ ಬಂದೇ ಬರುತ್ತದೆ.

ಏನನ್ನು ಅಳೆಯಬೇಕು

ವರದಿಯಲ್ಲಿ ಒಟ್ಟು ಠೇವಣಿಯನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಅಭ್ಯಾಸವಿದೆ. ಆಪತ್ಕಾಲದ ಉಳಿತಾಯಕ್ಕೆ ಅದು ತಪ್ಪು ಅಳತೆ. ಅದನ್ನು ಹೆಚ್ಚಿಸಬೇಕಾದ ಕಾರ್ಯಕರ್ತರು ತಿಳಿದೋ ತಿಳಿಯದೆಯೋ ಜನರನ್ನು ಹಣ ತೆಗೆಯದಂತೆ ತಡೆಯತೊಡಗುತ್ತಾರೆ. ಎಷ್ಟು ಮನೆಗಳು ಮೊದಲ ಗುರಿ ಮುಟ್ಟಿದವು, ಎಷ್ಟು ಮನೆಗಳು ಹಣ ತೆಗೆದು ಆರು ತಿಂಗಳೊಳಗೆ ಮತ್ತೆ ಜಮೆ ಶುರುಮಾಡಿದವು, ಬಡ್ಡಿ ಸಾಲದ ಮೊರೆ ಹೋದ ಸಂದರ್ಭಗಳು ಎಷ್ಟು ಕಡಿಮೆಯಾದವು ಎಂಬ ಮೂರು ಸಂಖ್ಯೆಗಳನ್ನು ಬರೆದಿಡಿ. ಜಮೆಯೇ ಆಗಿ ಒಂದು ಸಲವೂ ತೆಗೆಯದ ಖಾತೆಗಳು ಬಹಳವಿದ್ದರೆ, ಜನರಿಗೆ ತೆಗೆಯಬಹುದೆಂಬುದೇ ಗೊತ್ತಿಲ್ಲವೇ ಎಂದು ವಿಚಾರಿಸಿ.

ಕೊನೆಯದಾಗಿ, ಹನ್ನೆರಡು ಚೌಕಗಳಲ್ಲಿ ಒಂದರಲ್ಲಿಯೂ ಸಡಿಲವಾದ ತಿಂಗಳು ಕಾಣದ ಮನೆಗಳೂ ಸಿಗುತ್ತವೆ. ಅಂಥವರನ್ನು ಉಳಿಸಿ ಎಂದು ಕೇಳಬೇಡಿ, ಕೇಳಿದರೆ ಅವರು ಊಟದಲ್ಲಿ ಕಡಿತ ಮಾಡಿ ಉಳಿಸಿಯಾರು. ಅವರಿಗೆ ಸಲ್ಲಬೇಕಾದ ಪಿಂಚಣಿ, ಪಡಿತರ, ಬಾಕಿ ಕೂಲಿ, ವಿಮೆಯ ಹಣ ಮುಂತಾದವು ಬರುತ್ತಿವೆಯೇ ಎಂದು ನೋಡಿ, ಬರದಿದ್ದರೆ ಮೊದಲು ಅದನ್ನು ಕೊಡಿಸಿ, ಬಡ್ಡಿಯ ದರ ಇಳಿಸುವ ಅಥವಾ ಕಂತು ಮುಂದೂಡುವ ಮಾತುಕತೆಗೆ ಅವರ ಜೊತೆ ಹೋಗಿ. ಹೆಸರನ್ನು ಪಟ್ಟಿಯಿಂದ ತೆಗೆಯದೆ ಹಾಳೆಯನ್ನು ಜೋಪಾನವಾಗಿಟ್ಟುಕೊಂಡು, ಆರು ತಿಂಗಳ ಬಳಿಕ ಅದೇ ಹಾಳೆಯೊಂದಿಗೆ ಮತ್ತೊಮ್ಮೆ ಆ ಮನೆಗೆ ಹೋಗಿ ಬನ್ನಿ.